ಶ್ಯಾಣ್ಯಾ ಕೂಸು

2018ರ ಜುಲೈಯಲ್ಲಿ ಗದಗಿನ ಒಂದು ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಸ್ಟಾಫ್ ನರ್ಸ್ ಆಗಿ ಸೇರಿದೆ. ಬೆಟಗೇರಿಯಲ್ಲಿ ಬಾಡಿಗೆ ಕೋಣೆ. ಮಾತಾಡಲು ಯಾರೂ ಇಲ್ಲದ್ದರಿಂದ ದಿನಚರಿ ಬರೆಯುತ್ತಿದ್ದೆ. ಯಾವ ಕೂಸಿಗೆ ಎಷ್ಟು ಸಲ ಸೂಜಿ ಚುಚ್ಚಿದೆ, ಎಷ್ಟು ಸಲ ಅತ್ತಿತು ಎಂಬ ಲೆಕ್ಕವೂ ಅದರಲ್ಲಿರುತ್ತಿತ್ತು.

ಆಗಸ್ಟ್ 6ರಂದು ಲಕ್ಷ್ಮೇಶ್ವರದ ಶಾಹೀನಾಳ ಗಂಡುಕೂಸು ಬಂತು. ಎಂಟನೆಯ ತಿಂಗಳಿಗೇ ಹುಟ್ಟಿತ್ತು. ತೂಕ 1,340 ಗ್ರಾಂ. ರಕ್ತದ ಸಕ್ಕರೆ ನೋಡಲು ಹಿಮ್ಮಡಿಗೆ ಲ್ಯಾನ್ಸೆಟ್ ಎಂಬ ಚಿಕ್ಕ ಸೂಜಿ ಚುಚ್ಚಿ ಒಂದು ಹನಿ ತೆಗೆಯಬೇಕಿತ್ತು. ಮೊದಲ ಮೂರು ದಿನ ಹದಿನೆಂಟು ಚುಚ್ಚು, ಪ್ರತಿಸಲವೂ ಅತ್ತಿತು. ನಾಲ್ಕನೆಯ ದಿನ ಐದು ಸಲ ಚುಚ್ಚಿದರೂ ಒಮ್ಮೆಯೂ ಅಳಲಿಲ್ಲ.

"ಶ್ಯಾಣ್ಯಾ ಆತು ನೋಡ ಕೂಸು. ನಿನಗಿಂತ ಜಲ್ದಿ ಇಲ್ಲೀ ರೀತಿ ಕಲೀತು," ಎಂದು ಹಿರಿಯ ನರ್ಸ್ ಗಿರಿಜಕ್ಕ ಛೇಡಿಸಿದರು. ಜಾಣ ಕೂಸೇ ಅನ್ನಿಸಿ ನಾನೂ ದಿನಚರಿಯಲ್ಲಿ 'ಶ್ಯಾಣ್ಯಾ' ಎಂದೇ ಬರೆದುಕೊಂಡೆ.

ಶಾಹೀನಾಳ ಗಂಡ ದುಡಿಯಲು ಗೋವಾಕ್ಕೆ ಹೋಗಿದ್ದ. ಅವಳೊಬ್ಬಳೇ ಬಂದು, ಬಟ್ಟಲಿಗೆ ತೆಗೆದ ಎದೆಹಾಲು ಕೊಟ್ಟು, ಕೂಸಿನಿಂದ ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದಳು.

"ಮುಟ್ಟ ತಂಗಿ, ಕೈ ತೊಳಕೊಂಡೀಯಲ್ಲ," ಎಂದೆ.

"ಬ್ಯಾಡ್ರಿ ಸಿಸ್ಟರ್. ನಿನ್ನೆ ಮುಟ್ಟಿದ್ನಿ, ಕಾಲು ಜಗ್ಗಿಕೊಂಡ. ನನ್ನ ಕೈನೂ ಸೂಜಿ ಅಂತ ತಿಳ್ಕೊಂಡಾನ್ರಿ."

"ಈಗ ಅಳೂದಿಲ್ಲ. ಶ್ಯಾಣ್ಯಾ ಆಗ್ಯಾನ."

"ಎಲ್ಲೀ ಶ್ಯಾಣ್ಯಾರೀ? ಅಳಾಕ ತ್ರಾಣ ಇಲ್ಲ ಅವಗ. ಮಾರಿ ನೋಡ್ರಿ."

ಅಷ್ಟು ದಿನ ನಾನು ನೋಡಿದ್ದು ಹಿಮ್ಮಡಿಯನ್ನು. ಮುಂದಿನ ಚುಚ್ಚಿಗೆ ಮುಖ ನೋಡಿದೆ. ಹುಬ್ಬು ಗಂಟಿಕ್ಕಿತು, ಬಾಯಿ ತೆರೆಯಿತು, ದನಿ ಬರಲಿಲ್ಲ. ಹೃದಯ ಬಡಿತ 148ರಿಂದ 182ಕ್ಕೆ ಏರಿತು. ದಣಿದ ಕೂಸು ಅಳದೆಯೂ ನೋಯುತ್ತದೆಂದು ತರಬೇತಿಯಲ್ಲಿ ಹೇಳಿದ್ದರು. ಚುಚ್ಚುವ ಮುಂಚೆ ನಾಲಿಗೆಗೆ ಎದೆಹಾಲಿನ ಹನಿ ಹಾಕಿ, ಕೈಕಾಲು ಮಡಿಸಿ ಹಿಡಿಯಬೇಕೆಂದೂ ಹೇಳಿದ್ದರು. ಗಡಿಬಿಡಿಯಲ್ಲಿ ನಾವು ಅದನ್ನು ಬಿಟ್ಟಿದ್ದೆವು.

ಮರುದಿನ ಬೆಳಿಗ್ಗೆ ಡಾಕ್ಟರನ್ನು ಕೇಳಿ ಶಾಹೀನಾಳನ್ನು ಕರೆದೆ. ಅವಳ ಒಂದು ಅಂಗೈಯನ್ನು ಕೂಸಿನ ತಲೆಗೆ, ಇನ್ನೊಂದನ್ನು ಮಡಿಸಿದ ಕಾಲಿಗೆ ಇಡಿಸಿದೆ. ಕೂಸು ಬೆಚ್ಚಿತು, ಅವಳು ಕೈ ತೆಗೆಯಹೋದಳು.

"ಬಿಡಬ್ಯಾಡ. ಸವರಬ್ಯಾಡ. ಸುಮ್ನ ಹಿಡಿ."

ಎರಡು ನಿಮಿಷ ಕಾದೆವು. ಮುಷ್ಟಿ ಸಡಿಲಾಯಿತು. ಹಾಲಿನ ಹನಿ ಹಾಕಿ ಚುಚ್ಚಿದೆ. ಸಣ್ಣ ದನಿಯಲ್ಲಿ ಅತ್ತು, ಬೇಗನೆ ನಿಲ್ಲಿಸಿತು. ಬಡಿತ 160 ದಾಟಲಿಲ್ಲ. ಪಾದ ಅವಳ ಅಂಗೈಗೇ ಒತ್ತಿಕೊಂಡಿತ್ತು.

"ಗುರ್ತ ಹಿಡದಾನ್ರಿ," ಎಂದಳು. ಊಟಕ್ಕೆ ಕರೆದರೂ ಕೈ ತೆಗೆಯಲಿಲ್ಲ.

ಸೂಜಿಯನ್ನು ತಪ್ಪಿಸುವುದು ನನ್ನ ಕೈಯಲ್ಲಿಲ್ಲ. ಆ ಹೊತ್ತಿಗೆ ಕೂಸು ಒಂಟಿಯಾಗಿರದಂತೆ ನೋಡಿಕೊಳ್ಳುವುದು ನನ್ನ ಕೆಲಸವೇ. ತಾಯಿ ಹೊರಗಿದ್ದರೆ ಈಗ ಕರೆಸಿ ಕಾಯುತ್ತೇನೆ. ತಡವಾಯಿತೆಂದು ಬೈಸಿಕೊಳ್ಳುತ್ತೇನೆ.