"ದಿ." ತೆಗಿ ಎಂದು ಹೇಳಿಹೋದ ಸರೋಜಕ್ಕ

ಇಲ್ಲ... ಸುಳ್ಳು ಸುದ್ದಿ ಅಂದುಕೊಂಡೇ ಫೋನ್ ಕಟ್ ಮಾಡಿದೆ.
ಮತ್ತೆ ನಾನೇ ಹಚ್ಚಿದೆ.
ಸರೋಜಕ್ಕನ ಮಗಳು ಸುಮಾ ಅದನ್ನೇ ಹೇಳಿದಳು...

ಕುಷ್ಟಗಿಯ ಸರೋಜಕ್ಕ, ನಿವೃತ್ತ ಹೊಲಿಗೆ ಟೀಚರ್,
ಇವತ್ತು ಬೆಳಿಗ್ಗೆ ಎಂಟಕ್ಕೆ ಚಹಾ ಕುಡಿದು, ಕೂತ ಕುರ್ಚಿಯಲ್ಲೇ ಹೋಗಿಬಿಟ್ಟರು.

ಫ್ರೆಂಡ್ಸ್, ಭಾನುವಾರ ಕೊಪ್ಪಳದಲ್ಲಿ ನಮ್ಮ ಭಾಗದ ಮೊದಲ ಬ್ಯಾಲೆ ಕಂಪನಿಯ ಇತಿಹಾಸದ ಎಕ್ಸಿಬಿಷನ್ ಇದೆಯಲ್ಲ...
ಅದರ ಪ್ಯಾನೆಲ್‌ಗಳೆಲ್ಲ ನನ್ನ ಡಿಟಿಪಿ ಅಂಗಡಿಯಲ್ಲೇ ಪ್ರಿಂಟ್ ಆಗುತ್ತಿವೆ.
ಆ ಕಂಪನಿಯಲ್ಲಿ ಹದಿನಾರನೇ ವಯಸ್ಸಿಗೆ ಕುಣಿದವರು ಅಕ್ಕ.

"ಬ್ಯಾಲೆ ಅಂದ್ರ ಯಾರಿಗೆ ತಿಳೀಬೇಕೋ? ಯಲಬುರ್ಗಾದಾಗ ಒಬ್ಬಾಕಿ ಚೀಲ ಹಿಡ್ಕೊಂಡು ಬಂದಿದ್ಲು... ತೊಗರಿ ಬ್ಯಾಳಿ ಕಂಪನಿ ಅಂತ!"
ಹೇಳಿ ಹೇಳಿ ನಗುತ್ತಿದ್ದರು.

ಆದರೆ ಕಂಪನಿಯ ಹಳೆಯ ಒಂದೇ ಒಂದು ಪೋಸ್ಟರಿನಲ್ಲೂ ಅವರ ಹೆಸರಿಲ್ಲ.
"ಮತ್ತು ಸಂಗಡಿಗರು"... ಅಷ್ಟೇ.
"ಒಮ್ಮೆರ ನನ್ನ ಹೆಸರು ಅಚ್ಚಾಗಿದ್ದು ಕಣ್ಣಿಲೆ ನೋಡಬೇಕೋ ರಫೀಕಾ" ಎನ್ನುತ್ತಿದ್ದರು.

ಪ್ಯಾನೆಲ್‌ನಲ್ಲಿ ಹಾಕಿದ ಗ್ರೂಪ್ ಫೋಟೋದಲ್ಲಿ ಏಳು ಜನ. ಆರು ಮಂದಿ ಈಗಿಲ್ಲ.
ಆರು ಹೆಸರಿಗೆ ದಿವಂಗತರೆಂದು "ದಿ." ಹಾಕುತ್ತಾ ಕಾಪಿ-ಪೇಸ್ಟ್ ಮಾಡಿದೆ...
ಏಳನೆಯದಕ್ಕೂ ಬಿದ್ದುಬಿಟ್ಟಿತು.
ನಾನು ನೋಡಲಿಲ್ಲ. ಥೂ ನನ್ನ!

ಮಂಗಳವಾರ ಪ್ರೂಫ್ ನೋಡಲು ಬಸ್ಸಿಗೆ ಬಂದರು.
ಬೆರಳಿಟ್ಟು ಓದುತ್ತಾ ಹೋದರು... ತಮ್ಮ ಹೆಸರಿಗೆ ಬಂದು ಬೆರಳು ನಿಂತಿತು.

"ಏ ಖೋಡಿ... ಈ ಆರೂ ಮಂದಿ ಎಂಟು ದಿನದಿಂದ ಕನಸಿನ್ಯಾಗ ಬರಾಕತ್ತಾರ. 'ಸಾಲಿನ್ಯಾಗ ನಿನ್ನ ಜಾಗ ಖಾಲಿ ಐತಿ, ಬಾ' ಅಂತಾರ. ನೀನೂ ಅವರ ಕಡೀನ ಆದೇನು?"


ಅಕ್ಕ ನಕ್ಕುಬಿಟ್ಟರು.
"ತೆಗಿ ಅದನ್ನ. ಒಂದಕ್ಷರ, ಒಂದು ಚುಕ್ಕಿ... ಎಷ್ಟೊತ್ತಿನ ಕೆಲಸ?"

ಅವರೆದುರಿಗೇ ತೆಗೆದೆ. ಸೇವ್ ಮಾಡಿದೆ.
ಪ್ರಿಂಟ್ ಕೊಡುವಷ್ಟರಲ್ಲಿ ಕರೆಂಟ್ ಹೋಯಿತು.
"ಇರ್ಲಿ, ಐತವಾರ ಎಕ್ಸಿಬಿಷನ್ನಾಗ ನೋಡ್ತೀನಿ" ಎಂದು ಬಸ್ ಹತ್ತಿದರು.

ನಿನ್ನೆ ಮಧ್ಯಾಹ್ನ ದೊಡ್ಡ ಪ್ರಿಂಟ್ ತೆಗೆದರೆ...
"ದಿ. ಸರೋಜಾ".
ಸ್ಕ್ರೀನ್ ಮೇಲೆ ಇಲ್ಲ. ಹಾಳೆಯ ಮೇಲೆ ಇದೆ.
ಮತ್ತೊಂದು ತೆಗೆದೆ. ಅದರಲ್ಲೂ ಇದೆ.
ಹೆದರಿ ಮಷಿನ್ ಬಂದ್ ಮಾಡಿದೆ.

ಇವತ್ತು ಬೆಳಿಗ್ಗೆ ಅಂಗಡಿ ತೆರೆದು ಅದೇ ಫೈಲ್ ಕೊಟ್ಟೆ. ಏನೂ ಮುಟ್ಟಲಿಲ್ಲ.
ಸ್ವಚ್ಛವಾಗಿ ಬಂತು.
ಬರೀ "ಸರೋಜಾ".
ಇಂಕ್ ಇನ್ನೂ ಹಸಿ ಇತ್ತು... ಸುಮಾಳ ಫೋನ್ ಬಂತು. ಆಗ ಎಂಟೂವರೆ.

ಅಕ್ಕಾ...
ನಂದ ತಪ್ಪೇನು? ನಾ ಬರೆದಿದ್ದಕ್ಕ ಹಿಂಗಾತೇನು?
ನಿನ್ನಿ ತನಕಾ ಹೋಗವಲ್ದಾಗಿದ್ದ ಆ "ದಿ.", ನೀವು ಹೋದಮ್ಯಾಲೆ ಹೆಂಗ ಹೋತ್ರಿ?
ಯಾರು ತೆಗದ್ರು?
ಭಾಳ ಅಂಜಿಕಿ ಬರಾಕತ್ತೈತಿ ಅಕ್ಕಾ... ಅಂಗಡ್ಯಾಗ ಒಬ್ಬನ ಕುಂದ್ರಾಕ ಆಗವಲ್ದು.

ಸಂಘಟಕರು ಫೋನ್ ಮಾಡಿದಾಗ ನಿನ್ನೆಯ "ದಿ." ಪ್ರಿಂಟ್ ವಿಷಯ ಹೇಳಿದೆ. "ಈಗ ನಿನ್ನಿ ಪ್ರಿಂಟ್‌ನ ಕರೆಕ್ಟ್ ಆತಲ್ರಿ, ಅದನ್ನ ಹಚ್ಚಬಿಡ್ರಿ" ಎಂದರು.
ಹಚ್ಚುವುದಿಲ್ಲ. ತಪ್ಪು ಎನ್ನುವವರು ಎನ್ನಲಿ.
ಅಕ್ಕ ತೆಗಿ ಎಂದಿದ್ದಾರೆ.

ಮಧ್ಯಾಹ್ನ ಕುಷ್ಟಗಿಗೆ ಹೋದೆ. ಸುಮಾಳ ಮುಂದೆ ಎಲ್ಲ ಹೇಳಿ ಕೈಮುಗಿದೆ.
ಅವಳಿಗೆ ಏನೂ ಗೊತ್ತೇ ಇರಲಿಲ್ಲ.
"ಅವ್ವ ಮಂಗಳವಾರ ಪೇಡೆ ತಂದು ಓಣಿಗೆಲ್ಲಾ ಹಂಚಿದ್ಲಣ್ಣ... 'ನನ್ನ ಹೆಸರು ಅಚ್ಚಾಗೈತಿ, ನೋಡಿ ಬಂದೆ, ಒಂದಕ್ಷರ ತಪ್ಪಿಲ್ಲ' ಅಂತ."

ನಿಮ್ಮ ಜೀವ ತಂಪಾಗಿರಲಿ, ಸರೋಜಕ್ಕ... ಸಮಾಧಾನದಿಂದ ಹೋಗಿ ಬನ್ನಿ.