ಕಿವಿಯಲ್ಲಿ ಹೇಳಿದ್ದು

ಕೋಣಂದೂರಿನಲ್ಲಿ ನನ್ನನ್ನು ಯಾರೂ ಬೈಯುತ್ತಿರಲಿಲ್ಲ. ಮಾತಾಡಿಸುತ್ತಲೂ ಇರಲಿಲ್ಲ, ಅಷ್ಟೆ. ಅರವತ್ತರ ದಶಕದ ಮೊದಲ ವರ್ಷಗಳವು. ಉಡುಪಿ ಕಡೆಯಿಂದ ಘಾಟಿ ಹತ್ತಿ ತೀರ್ಥಹಳ್ಳಿ ತಾಲೂಕಿಗೆ ಬಂದ ಸರ್ಕಾರಿ ಸೂಲಗಿತ್ತಿ ನಾನು. ಜನರ ಬಾಯಲ್ಲಿ ನರ್ಸಮ್ಮ. ಮದುವೆಯಿಲ್ಲ, ಜಾತಿ ಕೇಳಿದರೆ ಕ್ರಿಸ್ತಾನಿ. ದೂರ ಇಡಲಿಕ್ಕೆ ಇನ್ನೇನು ಬೇಕು?

ಹೆರಿಗೆಗೆ ಮಾತ್ರ ಕರೆ ಬರುತ್ತಿತ್ತು. ಹಿತ್ತಲ ಬಾಗಿಲಿಂದ ಒಳಗೆ, ಕೆಲಸ ಮುಗಿದ ಮೇಲೆ ಅದೇ ಬಾಗಿಲಿಂದ ಹೊರಗೆ. ಕಾಫಿ ಕುಡಿದ ಲೋಟ ನಾನೇ ತೊಳೆದು ಕವುಚಿ ಇಡಬೇಕು. ತಮಾಷೆಯೆಂದರೆ, ಹೆರಿಗೆಯಾದ ಮನೆಗೆ ಹತ್ತು ದಿನ ಪುರುಡು. ಆ ಸೂತಕ ಕಳೆಯುವ ತನಕ ನೆರೆಯವರು ಅವರನ್ನೂ ಮುಟ್ಟುವುದಿಲ್ಲ. ಆಗ ಬಾಣಂತಿಯ ಅತ್ತೆ ನನ್ನ ಪಕ್ಕದಲ್ಲೇ ಕೂತು, ಎಲೆ ಅಡಿಕೆ ಜಗಿಯುತ್ತಾ ಕಷ್ಟಸುಖವೆಲ್ಲ ಹೇಳಿಕೊಳ್ಳುವಳು. ಹನ್ನೊಂದನೆಯ ದಿನ ಮಿಂದು ಶುದ್ಧಳಾದಳೋ, ಸಂತೆಯಲ್ಲಿ ಎದುರಾದರೂ ಗುರುತಿಲ್ಲ.

ತಿಂಗಳಿಗೊಂದು ಭಾನುವಾರ ಹೊಸನಗರದ ಮೇಲೆ ಬಸ್ಸು ಹಿಡಿದು ಸಾಗರದ ಚರ್ಚಿಗೆ ಆರಾಧನೆಗೆ ಹೋಗುತ್ತಿದ್ದೆ. ಉಳಿದ ಭಾನುವಾರಗಳಲ್ಲಿ ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು ಚರ್ಚಿನ ಕೀರ್ತನೆಗಳನ್ನು ಮೆಲ್ಲಗೆ ಹಾಡುತ್ತಿದ್ದೆ. ಒಬ್ಬಳೇ ಹಾಡುವಾಗ ಪಲ್ಲವಿ ಎತ್ತಿಕೊಳ್ಳಲು ಯಾರೂ ಇರುವುದಿಲ್ಲ. ಅದು ಬಹಳ ಬೇಜಾರಿನ ಸಂಗತಿ.

ನನಗೊಂದು ಅಭ್ಯಾಸವಿತ್ತು. ಕೂಸನ್ನು ಮೀಯಿಸಿ, ಬಟ್ಟೆಯಲ್ಲಿ ಸುತ್ತಿ, ತಾಯಿಯ ಮಗ್ಗುಲಿಗೆ ಹಾಕುವ ಮೊದಲು ಅದರ ಕಿವಿಯಲ್ಲಿ ಒಂದು ಸಣ್ಣ ಪ್ರಾರ್ಥನೆ ಹೇಳುತ್ತಿದ್ದೆ. ಅಪ್ಪ ನಮ್ಮೂರ ಚರ್ಚಿನಲ್ಲಿ ಕಸ ಗುಡಿಸಿ ಗಂಟೆ ಹೊಡೆಯುವವರು. "ಬೆಂಚು ಒರೆಸುವಾಗ ಅದರಲ್ಲಿ ಕೂರುವವರನ್ನ ನೆನಸಿಕೊಳ್ಬೇಕು ಮಗಾ. ಇಲ್ಲದಿದ್ರೆ ಬರೀ ಮರ ಒರೆಸಿದ ಹಾಗೆ" ಅನ್ನುತ್ತಿದ್ದರು. ಬೆಂಚಿಗೇ ಅಷ್ಟಿದ್ದರೆ ಕೂಸಿಗೆ ಬೇಡವೇ ಎಂದು ನನ್ನ ಲೆಕ್ಕ.

ಆ ಲೆಕ್ಕ ತಪ್ಪಿದ್ದು ಊರ ಹೊರಗಿನ ಒಂದು ಒಕ್ಕಲು ಮನೆಯಲ್ಲಿ. ಸೊಸೆಗೆ ಎರಡನೆಯ ಹೆರಿಗೆ, ಗಂಡು. ನಾನು ಕಿವಿಯಲ್ಲಿ ಹೇಳುವುದನ್ನು ಬಾಗಿಲಲ್ಲಿ ನಿಂತಿದ್ದ ಆ ಮನೆಯ ಮಗಳು ಕಂಡಳು. ಆ ಕಡೆ ತೊಟ್ಟಿಲ ಶಾಸ್ತ್ರದ ದಿನ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಹೇಳಿ, ನೆಂಟರಿಂದ ಬೆನ್ನಿಗೆ ಗುದ್ದು ತಿಂದು, ನಗುತ್ತಾ ಸೀರೆ ಇಸಕೊಳ್ಳುವುದು. ಹೊಸದಾಗಿ ಮದುವೆಯಾದ ಹುಡುಗಿ, ಅದಕ್ಕೆಂದೇ ಕಾದಿದ್ದಳು.

"ಅವ್ವಾ, ನರ್ಸಮ್ಮ ಆಗ್ಲೇ ಹೆಸರಿಟ್ಬಿಟ್ರು" ಎಂದು ಅಳಲಿಕ್ಕೇ ಹಿಡಿದಳು.

"ಹೆಸರಲ್ಲ ಮಾರಾಯ್ತಿ, ಪ್ರಾರ್ಥನೆ" ಎಂದೆ. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಅವಳ ತಾಯಿ, ಆ ಮನೆಯ ಯಜಮಾನಿ, ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದಳು.

"ಎಂತ ಪ್ರಾರ್ಥನೆ? ನಮ್ಮ ಕೂಸಿಗೆ ನಿಮ್ಮ ದೇವ್ರು ಎಂತಕ್ಕೆ? ಹುಟ್ಟಿದ ಗಳಿಗೆಲೇ ಜಾತಿ ಕೆಡಿಸ್ತೀಯಾ?"

ನನಗೂ ಸಿಟ್ಟು ಮೂಗಿನ ತುದಿಯಲ್ಲೇ. "ಹೊಕ್ಕಳು ಕೊಯ್ಯುವಾಗ ಕೆಡಲಿಲ್ವಾ?" ಎಂದು ಚೀಲ ಎತ್ತಿಕೊಂಡು ಬಂದೆ.

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ? ನರ್ಸಮ್ಮ ಕೂಸುಗಳಿಗೆ ಕದ್ದು ಕ್ರಿಸ್ತಾನಿ ಹೆಸರಿಡುತ್ತಾಳೆಂಬ ಸುದ್ದಿ ಮೇಳಿಗೆಯವರೆಗೂ ಹಬ್ಬಿತು. ಕರೆ ನಿಂತಿತು. ಹೆಂಗಸರು ಕುಡುಗೋಲಿನಲ್ಲಿ ಹೊಕ್ಕಳು ಕೊಯ್ಯುವ ಮುದುಕಿಯರನ್ನೇ ಕರೆಸಿಕೊಂಡರು. ಒಂದು ಕೂಸು ಹೊಕ್ಕಳು ನಂಜಾಗಿ ಹೋಯಿತೆಂದು ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ.

ಆದರೂ ಬೆಳಿಗ್ಗೆ ಎದ್ದವಳೇ ಕತ್ತರಿ, ದಾರ ಕುದಿಸಿ, ಒಗೆದ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದೆ. ಕರ್ತನೇ, ಇದು ನಿನ್ನ ಕೆಲಸವೋ ಸರ್ಕಾರದ್ದೋ ಒಂದು ಹೇಳಿಬಿಡು ಎಂದು ಒಲೆಯ ಮುಂದೆ ಜಗಳ ಮಾಡುತ್ತಿದ್ದೆ. ಅವನೂ ಕೋಣಂದೂರಿನವರ ಹಾಗೆಯೇ, ಮಾತಾಡಲಿಲ್ಲ. ಇನ್ನೊಂದು ಕರೆ ಬಾರದಿದ್ದರೆ, ಈಸ್ಟರಿಗೆ ಊರಿಗೆ ಹೋದವಳು ತಿರುಗಿ ಬರುವುದಿಲ್ಲವೆಂದು ನಿಶ್ಚಯಿಸಿದೆ.

ಈಸ್ಟರು ಹತ್ತಿರವಾದಾಗ ಒಂದು ಮಧ್ಯಾಹ್ನ ಅದೇ ಯಜಮಾನಿ ಬಿಸಿಲಲ್ಲಿ ಏದುಸಿರು ಬಿಡುತ್ತಾ ಬಂದಳು. ಅಂದು ಅತ್ತಿದ್ದ ಆ ಮಗಳೇ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ದಿನದಿಂದ ನೋವು, ಮುದುಕಿ ಕೈಚೆಲ್ಲಿದ್ದಳು.

"ಬತ್ತೀಯಾ ನರ್ಸಮ್ಮ?" ಎಂದಳಷ್ಟೆ.

ಕತ್ತರಿ ಬೆಳಿಗ್ಗೆಯೇ ಕುದಿದಿತ್ತು. ಹೊರಟೆ.

ಹೆಣ್ಣು ಹುಟ್ಟಿತು. ಅಳಲಿಲ್ಲ. ಬಾಯಿಯ ಲೋಳೆ ತೆಗೆದೆ, ಬೆನ್ನು ತಿಕ್ಕಿದೆ. ಕೊನೆಗೆ ಬಾಯಿಗೆ ಬಾಯಿಟ್ಟು ಉಸಿರು ಊದಿದೆ. ಯಜಮಾನಿ ನೋಡುತ್ತಲೇ ಇದ್ದಳು, ಎಂಜಲು ಎನ್ನಲಿಲ್ಲ. ಆಮೇಲೆ ಅಳು ಬಂತು, ಸಣ್ಣದು, ಮತ್ತೆ ಜೋರಾಗಿ.

ಮೀಯಿಸಿ, ಸುತ್ತಿ, ಬಾಯಿ ಬಿಗಿದುಕೊಂಡೇ ತಾಯಿಯ ಮಗ್ಗುಲಿಗೆ ಹಾಕಿದೆ. ಕೂಸುಗಳ ಜೀವಕ್ಕಿಂತ ನನ್ನ ಅಭ್ಯಾಸ ದೊಡ್ಡದಲ್ಲ ಎಂದು ದಾರಿಯಲ್ಲೇ ತೀರ್ಮಾನಿಸಿದ್ದೆ. ಆದರೂ ಸಂಕಟವಾಯಿತು. ಅರ್ಧ ಕೆಲಸ ಮಾಡಿ ಎದ್ದ ಹಾಗೆ.

ಬಾಣಂತಿ ಕಣ್ಣು ಬಿಟ್ಟಳು. "ನರ್ಸಮ್ಮ, ಅಣ್ಣನ ಮಗೂಗೆ ಹೇಳಿದ್ರಲ್ಲ. ಇದಕ್ಕೆ ಎಂತಕ್ಕೆ ಹೇಳ್ಲಿಲ್ಲ?"

ನಾನು ಯಜಮಾನಿಯ ಮುಖ ನೋಡಿದೆ.

"ಹೇಳು. ಗಟ್ಟಿ ಹೇಳು" ಎಂದಳು ಅವಳು. "ಎಂತ ಹೇಳ್ತೀಯ ಅಂತ ನಾನೂ ಕೇಳ್ಬೇಕು."

ಅಷ್ಟು ಕಾಲ ಪಿಸುಗುಟ್ಟಿದ್ದನ್ನು ಗಟ್ಟಿಯಾಗಿ ಹೇಳಲು ನಾಚಿಕೆಯಾಯಿತು. ಕೂಸನ್ನು ಎತ್ತಿಕೊಂಡು ಹೇಳಿದೆ: "ಕರ್ತನೇ, ಇದು ಒಂಟಿಯಾಗದ ಹಾಗೆ ನೋಡಿಕೋ."

"ಇಷ್ಟೇಯಾ?"

"ಇಷ್ಟೇ ಅಮ್ಮ."

ಅವಳು ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಪುರುಡು ಶುರುವಾಗಿತ್ತಲ್ಲ, ಕೂರಬಹುದಿತ್ತು. ಕೂಸಿಗೆ ಸುತ್ತಿದ ಬಟ್ಟೆಯ ಅಂಚು ಸರಿಮಾಡಿದಳು. ಆಮೇಲೆ ಕೇಳಿದಳು, "ನಿನ್ನ ಕಿವೀಲಿ ಇದನ್ನ ಯಾರು ಹೇಳ್ತಾರೆ, ಹೆಣ್ಣೆ?"

ಕೂಸನ್ನು ತಾಯಿಯ ಮಗ್ಗುಲಿಗೆ ಹಾಕಿದೆ. ಕತ್ತರಿ ತೊಳೆಯಬೇಕು ಎಂದು ಹಿತ್ತಲಿಗೆ ಹೋದೆ. ಅಲ್ಲಿ ನಿಂತು ಚೆನ್ನಾಗಿ ಅತ್ತೆ.

ಈಸ್ಟರಿಗೆ ಊರಿಗೆ ಹೋದೆ, ತಿರುಗಿ ಬಂದೆ. ಆ ಮನೆಯ ಪುರುಡು ಕಳೆದು ಎಷ್ಟೋ ದಿನವಾಗಿತ್ತು. ಸಂತೆಯಲ್ಲಿ ಯಜಮಾನಿ ಎದುರಾದಳು. ನಾನೇ ಅಭ್ಯಾಸದಂತೆ ಬದಿಗೆ ಸರಿದೆ. ಅವಳೂ ಹತ್ತಿರ ಬರಲಿಲ್ಲ. ದೂರದಲ್ಲೇ ನಿಂತು, ಸಂತೆಗೆಲ್ಲ ಕೇಳುವ ಹಾಗೆ ಕೇಳಿದಳು:

"ಉಂಡ್ಯಾ ನರ್ಸಮ್ಮ?"

ಒಬ್ಬಳೇ ಉಂಡಿದ್ದೆ. "ಉಂಡೆ ಅಮ್ಮ" ಎಂದೆ.