ಹಾಯಿಕಂಬ ಇಳಿಸುವ ಓರಗಿತ್ತಿಯರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೋಣಿಕಟ್ಟೆಯಲ್ಲಿ ದೊಡ್ಡಕ್ಕನ ಗೊಣಗಾಟ ಆಗಲೇ ಶುರುವಾಗಿದೆ. "ಯಾವ ಪುಣ್ಯಾತ್ಮ ಹಾಕಿದ್ದಪ್ಪಾ ಇದನ್ನ? ಗಂಟೋ, ಹಕ್ಕಿಗೂಡೋ?" ಎನ್ನುತ್ತಾ ಒದ್ದೆ ಹಗ್ಗಕ್ಕೆ ಉಗುರು ಹಾಕಿ ಬಿಡಿಸುತ್ತಿದ್ದಾರೆ.

ರಿಪೇರಿ ಅಂಗಳ ಇರುವುದು ತಗ್ಗು ಸೇತುವೆಯ ಆಚೆ. ಅಲ್ಲಿಗೆ ಹೋಗುವ ಹಾಯಿದೋಣಿಯ ಕಂಬ ಮಲಗಿಸಲೇಬೇಕು. ಕಂಬ ಇಳಿಸಿ, ಅದರ ತಂತಿ, ಹಗ್ಗಗಳು ಸಿಕ್ಕಾಗದಂತೆ ಕಂಬಕ್ಕೇ ಸುತ್ತಿ ಬಿಗಿಯುವುದು ದೊಡ್ಡಕ್ಕ ಮತ್ತು ಅವರ ಮೈದುನನ ಹೆಂಡತಿಯ ಕೆಲಸ. ದಿನಕ್ಕೆ ಐದಾರು ದೋಣಿ; ಗಾಳಿ ಎದ್ದರೆ ಒಂದೂ ಇಲ್ಲ. ಮೊದಲು ಇವರ ಗಂಡಂದಿರು, ಅಣ್ಣತಮ್ಮಂದಿರಿಬ್ಬರು, ಮಾಡುತ್ತಿದ್ದರು. ಅಣ್ಣನಿಗೆ ಬೆನ್ನು ಹಿಡಿದುಕೊಂಡಿತು, ತಮ್ಮ ಲಾರಿ ಹತ್ತಿದ. ಹಗ್ಗ ಹೆಂಗಸರ ಕೈಗೆ ಬಂತು.

ಎರಡು ಜುಟ್ಟು ಕೂಡೀತು, ಎರಡು ಜಡೆ ಕೂಡದು ಎಂಬ ಗಾದೆ ಇವರ ಮನೆ ನೋಡಿಯೇ ಹುಟ್ಟಿರಬೇಕು. ಒಂದೇ ಸೂರು, ಎರಡು ಒಲೆ. ಬೆಳಿಗ್ಗೆ ಬಚ್ಚಲಿಗೆ ಯಾರು ಮೊದಲು ಎಂಬಲ್ಲಿಂದ ಹತ್ತಿದ ಜಗಳ. ಈಗ ಮನೆಯಲ್ಲಿ ಮಾತೇ ಇಲ್ಲ. ಕಟ್ಟೆಯಲ್ಲಿ ಮಾತ್ರ ಬಿಡು, ಹಿಡಿ, ನಿಲ್ಲು. "ಅಷ್ಟೂ ಆಡದಿದ್ರೆ ಯಾರದಾದ್ರೂ ತಲೆ ಒಡೆಯುತ್ತಲ್ಲ, ಏನ್ಮಾಡ್ಲಿ?" ಎಂದು ದೊಡ್ಡಕ್ಕ ಸಿಡುಕುತ್ತಾರೆ.

ಇವತ್ತಿನ ದೋಣಿಯ ಯಜಮಾನರಿಗೆ ಬಲು ಅವಸರ. ದಡದಲ್ಲಿ ನಿಲ್ಲಿ ಎಂದರೂ ಕೇಳದೆ ದೋಣಿ ಹತ್ತಿದ್ದಾರೆ. ಕಂಬವನ್ನು ತಡೆದು ನಿಧಾನಕ್ಕೆ ಇಳಿಸುವ ಹಗ್ಗ ದೊಡ್ಡಕ್ಕನ ಕೈಯಲ್ಲಿದೆ, ಗೂಟಕ್ಕೆ ಇನ್ನೂ ಸುತ್ತಿಲ್ಲ. ಅಷ್ಟರಲ್ಲಿ ಯಜಮಾನರು ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಕಂಬವನ್ನು ನಿಲ್ಲಿಸಿಟ್ಟ ಮುಂದಿನ ತಂತಿಯ ಪಿನ್ನು ಎಳೆದೇಬಿಡುತ್ತಾರೆ. ಕಂಬ ಹಿಂದಕ್ಕೆ ವಾಲುತ್ತದೆ. ಕೆಳಗೆ, ಬೆನ್ನು ತಿರುಗಿಸಿ ನಿಂತವಳು ಓರಗಿತ್ತಿ.

"ಕೂತ್ಕೋ!" ದೊಡ್ಡಕ್ಕ ಕೂಗುತ್ತಾರೆ.

ಅವಳು ಕುಕ್ಕರಿಸುತ್ತಾಳೆ. ಹಗ್ಗ ಅಂಗೈ ಸುಡುತ್ತಾ ಜಾರುತ್ತದೆ. ದೊಡ್ಡಕ್ಕ ಕಾಲನ್ನು ದೋಣಿಯ ಅಂಚಿಗೆ ಒತ್ತಿ ಹಿಂದಕ್ಕೆ ವಾಲಿ ತಡೆಯುತ್ತಾರೆ. ಕಂಬ ಅವಳ ತಲೆಯ ಒಂದು ಗೇಣು ಮೇಲೆ ನಿಂತುಬಿಡುತ್ತದೆ. ಓರಗಿತ್ತಿ ತಪ್ಪಿಸಿಕೊಂಡು ಓಡುವುದಿಲ್ಲ. ಹೆಗಲು ಕೊಟ್ಟು, ಕಂಬವನ್ನು ಅದು ಒರಗುವ ಕವಲುಗಂಬದ ಮೇಲೆ ಮಲಗಿಸಿ, ಆಮೇಲೆ ಉಸಿರು ಬಿಡುತ್ತಾಳೆ.

"ಸಹಾಯ ಮಾಡೋಣ ಅಂತ..." ಯಜಮಾನರು ತಡವರಿಸುತ್ತಾರೆ.

"ದೊಡ್ಡ ಉಪಕಾರ ಆಯ್ತು. ಇಳೀರಿ ಸ್ವಾಮಿ ಕೆಳಗೆ!" ದೊಡ್ಡಕ್ಕ ಗದರುತ್ತಾರೆ.

ತಂತಿಗಳನ್ನೆಲ್ಲ ಓರಗಿತ್ತಿ ಒಬ್ಬಳೇ ಸುತ್ತಿ ಕಟ್ಟುತ್ತಾಳೆ. ಆಮೇಲೆ ದೊಡ್ಡಕ್ಕನ ಚರ್ಮ ಸುಲಿದ ಅಂಗೈಗೆ ಬಟ್ಟೆ ಸುತ್ತುತ್ತಾ, "ಕೈಗವಸು ಹಾಕ್ಕೋ ಅಕ್ಕ ಅಂದ್ರೆ ಕೇಳಲ್ಲ, ಹಟಮಾರಿ" ಎನ್ನುತ್ತಾಳೆ.

"ಮೆತ್ತಗೆ ಸುತ್ತೇ, ಉರಿಯುತ್ತೆ!"

ಬೇರೆ ಜೊತೆಗಾರ್ತಿ ಬೇಡವೇ ಎಂದು ಕೇಳಿದರೆ, ಓರಗಿತ್ತಿ ಅತ್ತ ಹೋಗುವವರೆಗೆ ದೊಡ್ಡಕ್ಕ ಕಾಯುತ್ತಾರೆ. "ಇವಳ ಜೊತೆ ಏಗೋದು ನನ್ನ ಕರ್ಮ. ಆದ್ರೂ ಬೇಡ. ನಾನು ಹಗ್ಗ ಹಿಡ್ದಿದ್ದೀನಾ ಅಂತ ಇವಳು ಒಂದು ದಿನಾನೂ ತಿರುಗಿ ನೋಡಿಲ್ಲ."